ಲ್ಯಾಪ್‌ಟಾಪಿಗೇ ಸಿಮ್ ಹಾಕಿ ಇಂಟರ್ನೆಟ್ ಬಳಸುವುದು ಹೇಗೆ? ಕಾರ್ಡ್ ಹುಡುಕುವುದರಿಂದ ಎಪಿಎನ್ ತನಕ

"ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್ ತಗೊಂಡಿದ್ದೀನಿ. ಸಿಮ್ ಸ್ಲಾಟ್ ಇದೆ, ಸಿಮ್ ಹಾಕಿದ್ರೆ ಏನೂ ತೋರಿಸ್ತಿಲ್ಲ. ಸಿಮ್ ಕೆಟ್ಟಿದೆಯಾ, ಲ್ಯಾಪ್‌ಟಾಪ್ ಕೆಟ್ಟಿದೆಯಾ?"

ಲೆನೊವೊದ ಥಿಂಕ್‌ಪ್ಯಾಡ್ ಇದ್ದಲ್ಲಿ ಡೆಲ್‌ನ ಲ್ಯಾಟಿಟ್ಯೂಡ್ ಅಂತಲೋ ಎಚ್‌ಪಿಯ ಎಲೈಟ್‌ಬುಕ್ ಅಂತಲೋ ಬದಲಾಗುತ್ತದೆ, ಅಷ್ಟು ಬಿಟ್ಟರೆ ಓದುಗರು ಕೇಳುತ್ತಲೇ ಇರುವ ಪ್ರಶ್ನೆ ಇದೇ. ಉತ್ತರವೂ ಬಹುಮಟ್ಟಿಗೆ ಒಂದೇ: ಎರಡೂ ಕೆಟ್ಟಿಲ್ಲ. ಸಿಮ್ ಕೂರಿಸುವ ಜಾಗ ಇದೆ, ಅದನ್ನು ಓದುವ ಮೋಡೆಮ್ ಒಳಗಿಲ್ಲ. ತಯಾರಕರು ಒಂದು ಮಾದರಿಯ ಎಲ್ಲ ಲ್ಯಾಪ್‌ಟಾಪ್‌ಗಳಿಗೂ ಒಂದೇ ಅಚ್ಚಿನ ಕವಚ ಮಾಡಿ, ಮೋಡೆಮ್ಮನ್ನು ಮಾತ್ರ ಹೆಚ್ಚಿಗೆ ಹಣ ಕೊಟ್ಟವರಿಗೆ ಹಾಕಿ ಕೊಡುತ್ತಾರೆ. ಹಾಗಾಗಿ ಸ್ಲಾಟ್ ಕಂಡ ಮಾತ್ರಕ್ಕೆ ಸಿಮ್ ಕೊಳ್ಳಲು ಓಡಬೇಡಿ. ಈ ಕೆಲಸದಲ್ಲಿ ಹಣ ಪೋಲಾಗುವುದು ಸೆಟ್ಟಿಂಗ್ಸ್ ತಪ್ಪಿದ್ದಕ್ಕಲ್ಲ, ಒಳಗೆ ಏನಿದೆ ಎಂದು ನೋಡದೆ ಹೊರಟಿದ್ದಕ್ಕೆ. ಅದಕ್ಕೇ ಮೊದಲ ಮೂರು ಹಂತಗಳನ್ನು ಉದ್ದವಾಗಿ ಬರೆದಿದ್ದೇನೆ. ಉಳಿದದ್ದು ಅರ್ಧ ಗಂಟೆಯ ಕೆಲಸ.

ಇಲ್ಲಿನ ವಿವರ ವಿಂಡೋಸ್ 11ಕ್ಕೆ ಹೊಂದುತ್ತದೆ. ವಿಂಡೋಸ್ 10ರಲ್ಲೂ ಹೆಚ್ಚುಕಡಿಮೆ ಇದೇ ದಾರಿ, ಒಂದೆರಡು ಬಟನ್‌ಗಳ ಹೆಸರು ಆಚೀಚೆ ಇರಬಹುದು. ಮ್ಯಾಕ್‌ಬುಕ್ ಇದ್ದವರು ಹುಡುಕಲು ಹೋಗಬೇಡಿ, ಅದರಲ್ಲಿ ಈ ಸೌಲಭ್ಯವೇ ಇಲ್ಲ.

ನಿಮಗಿದು ಬೇಕಾ?

ಫೋನಿನ ಹಾಟ್‌ಸ್ಪಾಟ್ ಇರುವಾಗ ಈ ಗೋಜೆಲ್ಲ ಯಾಕೆ ಎಂದು ಕೇಳುವವರ ಮಾತೂ ಸರಿಯೇ. ತಿಂಗಳಿಗೊಮ್ಮೆ ಊರಿಗೆ ಹೋಗುವಾಗ ಬಸ್ಸಿನಲ್ಲಿ ಕೂತು ಎರಡು ಮೇಲ್ ಕಳಿಸುವವರಿಗೆ ಹಾಟ್‌ಸ್ಪಾಟ್ ಧಾರಾಳ ಸಾಕು. ಇನ್ನೊಂದು ಸಿಮ್, ಇನ್ನೊಂದು ರೀಚಾರ್ಜ್ ಅವರಿಗೆ ದಂಡ.

ಪ್ರಯೋಜನ ಕಾಣುವುದು ದಿನವೂ ಮೊಬೈಲ್ ಇಂಟರ್ನೆಟ್ ನೆಚ್ಚಿ ದುಡಿಯುವವರಿಗೆ. ಸೈಟಿನಿಂದ ಸೈಟಿಗೆ ಓಡಾಡುವ ಎಂಜಿನಿಯರ್, ಕೋರ್ಟಿನ ಕಾರಿಡಾರಿನಲ್ಲಿ ಕಡತ ತೆರೆಯಬೇಕಾದ ವಕೀಲರು, ಮಲೆನಾಡಿನ ಮನೆಯಿಂದಲೇ ಬೆಂಗಳೂರಿನ ಆಫೀಸಿಗೆ ಕೆಲಸ ಮಾಡುವವರು. ಮಳೆಗಾಲದಲ್ಲಿ ಕರೆಂಟ್ ಹೋದ ಕೂಡಲೇ ಫೈಬರ್ ರೌಟರ್ ನಿಲ್ಲುತ್ತದೆ. ಲ್ಯಾಪ್‌ಟಾಪ್ ತನ್ನ ಬ್ಯಾಟರಿಯಲ್ಲೇ ನೇರವಾಗಿ ಟವರ್ ಹಿಡಿದಿದ್ದರೆ ಮೀಟಿಂಗ್ ನಡುವೆ ಮಾಯವಾಗುವ ಪ್ರಮೇಯ ಬರುವುದಿಲ್ಲ, ಟವರಿಗೆ ಕರೆಂಟ್ ಇರುವ ತನಕ ಅನ್ನಿ. ಫೋನ್ ಬಿಸಿಯಾಗುವುದಿಲ್ಲ, ಅದರ ಚಾರ್ಜ್ ಉಳಿಯುತ್ತದೆ, ಮುಚ್ಚಿದ ಲ್ಯಾಪ್‌ಟಾಪ್ ತೆರೆದ ಕೆಲವೇ ಕ್ಷಣಗಳಲ್ಲಿ ನೆಟ್ ಬಂದಿರುತ್ತದೆ. ಆಂಟೆನಾಗಳು ಸಾಮಾನ್ಯವಾಗಿ ಪರದೆಯ ಅಂಚಿನಲ್ಲಿ ದೂರದೂರ ಕೂತಿರುವುದರಿಂದ ಸಿಗ್ನಲ್ ದುರ್ಬಲವಾಗಿರುವ ಕಡೆ ಫೋನಿಗಿಂತ ಚೆನ್ನಾಗಿ ಹಿಡಿಯುವುದೂ ಉಂಟು. ಇದನ್ನು ಭರವಸೆ ಎಂದು ಮಾತ್ರ ತಿಳಿಯಬೇಡಿ.

ಹಂತ 1: ಒಳಗೆ ಮೋಡೆಮ್ ಇದೆಯೇ?

ಈ ಮೋಡೆಮ್ಮಿಗೆ ರಿಪೇರಿ ಅಂಗಡಿಗಳಲ್ಲಿ ಡಬ್ಲ್ಯುವ್ಯಾನ್ ಕಾರ್ಡ್ ಎನ್ನುತ್ತಾರೆ. ವೈಫೈ ಕಾರ್ಡ್ ಮನೆಯ ರೌಟರ್ ಜೊತೆ ಮಾತಾಡಿದರೆ ಇದು ಮೊಬೈಲ್ ಟವರ್ ಜೊತೆ ಮಾತಾಡುತ್ತದೆ. ಇರುವುದು ತಿಳಿಯಲು ಸ್ಕ್ರೂ ಬಿಚ್ಚಬೇಕಿಲ್ಲ. ಸೆಟ್ಟಿಂಗ್ಸ್ ತೆರೆದು ನೆಟ್‌ವರ್ಕ್ ಅಂಡ್ ಇಂಟರ್ನೆಟ್‌ಗೆ ಹೋಗಿ. ಅಲ್ಲಿ ವೈಫೈ, ಈಥರ್ನೆಟ್ ಜೊತೆಗೆ 'ಸೆಲ್ಯುಲರ್' ಎಂಬ ಸಾಲು ಕಂಡರೆ ಮೋಡೆಮ್ ಇದೆ, ವಿಂಡೋಸ್‌ಗೆ ಅದು ಗೊತ್ತೂ ಇದೆ. ನೇರವಾಗಿ ಎರಡನೇ ಹಂತಕ್ಕೆ ಬನ್ನಿ.

ಕಾಣದಿದ್ದರೆ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ನೆಟ್‌ವರ್ಕ್ ಅಡಾಪ್ಟರ್ಸ್ ಅಡಿಯಲ್ಲಿ ಫಿಬೋಕಾಮ್, ಕ್ವೆಕ್‌ಟೆಲ್, ಸಿಯೆರಾ ವೈರ್‌ಲೆಸ್ ಎಂಬ ಹೆಸರೋ 'ಮೊಬೈಲ್ ಬ್ರಾಡ್‌ಬ್ಯಾಂಡ್' ಎಂಬ ಪದವೋ ಇದೆಯೇ ನೋಡಿ. ಹಳದಿ ತ್ರಿಕೋನದ ಗುರುತಿರುವ ಅಪರಿಚಿತ ಸಾಧನ ಕಂಡರೆ ಕಾರ್ಡ್ ಇದ್ದು ಡ್ರೈವರ್ ಇಲ್ಲದಿರಬಹುದು. ಡ್ರೈವರ್ ಅಂದರೆ ಆ ಯಂತ್ರಾಂಶವನ್ನು ವಿಂಡೋಸ್‌ಗೆ ಪರಿಚಯ ಮಾಡಿಸುವ ತಂತ್ರಾಂಶ. ನಿಮ್ಮ ಲ್ಯಾಪ್‌ಟಾಪಿನ ತಯಾರಕರ ಜಾಲತಾಣದಲ್ಲಿ ಸೀರಿಯಲ್ ನಂಬರ್ ಕೊಟ್ಟು, ಅಲ್ಲಿರುವ ಡಬ್ಲ್ಯುವ್ಯಾನ್ ಡ್ರೈವರನ್ನೇ ಇಳಿಸಿಕೊಳ್ಳಿ. 'ಎಲ್ಲ ಡ್ರೈವರ್ ಒಂದೇ ಕ್ಲಿಕ್ಕಿನಲ್ಲಿ' ಎನ್ನುವ ತಂತ್ರಾಂಶಗಳ ಹತ್ತಿರವೂ ಸುಳಿಯಬೇಡಿ.

ಅದೂ ಇಲ್ಲವೇ? ಇನ್ನೊಂದು ಸಾಧ್ಯತೆ ಉಳಿದಿದೆ. ಕಂಪನಿಗಳಿಂದ ಲೀಸ್ ಮುಗಿದು ಬಂದ ಯಂತ್ರಗಳಲ್ಲಿ ಹಿಂದಿನ ಆಫೀಸಿನವರು ಮೊಬೈಲ್ ಮೋಡೆಮ್ಮನ್ನು ಬಯೋಸ್‌ನಲ್ಲೇ ಆಫ್ ಮಾಡಿಟ್ಟಿರುತ್ತಾರೆ. ಬಯೋಸ್ ಅಂದರೆ ವಿಂಡೋಸ್ ಏಳುವ ಮುಂಚಿನ ಮೂಲ ಸೆಟ್ಟಿಂಗ್ಸ್ ಪುಟ. ಲ್ಯಾಪ್‌ಟಾಪ್ ಆನ್ ಆಗುವಾಗ ಥಿಂಕ್‌ಪ್ಯಾಡಿನಲ್ಲಿ ಎಫ್1, ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10 ಒತ್ತುತ್ತಿದ್ದರೆ ಅದು ತೆರೆಯುತ್ತದೆ. ಥಿಂಕ್‌ಪ್ಯಾಡಿನಲ್ಲಿ ಸೆಕ್ಯುರಿಟಿ, ಅದರೊಳಗೆ ಐ/ಓ ಪೋರ್ಟ್ ಆಕ್ಸೆಸ್, ಅದರೊಳಗೆ ವೈರ್‌ಲೆಸ್ ವ್ಯಾನ್ ಎಂಬ ಸಾಲು ಎನೇಬಲ್ಡ್ ಎಂದಿರಬೇಕು. ಡೆಲ್, ಎಚ್‌ಪಿಗಳಲ್ಲೂ ಡಬ್ಲ್ಯುವ್ಯಾನ್ ಎಂಬ ಪದ ಹುಡುಕಿ, ಟಿಕ್ ಇಲ್ಲದಿದ್ದರೆ ಹಾಕಿ. ಗೊತ್ತಿಲ್ಲದ ಬೇರೆ ಯಾವುದನ್ನೂ ಮುಟ್ಟದೆ ಸೇವ್ ಮಾಡಿ ಹೊರಬನ್ನಿ.

ಇಷ್ಟಾದರೂ ಸೆಲ್ಯುಲರ್ ಕಾಣದಿದ್ದರೆ ಕಾರ್ಡ್ ಇಲ್ಲವೆಂದೇ ಲೆಕ್ಕ.

ಇಲ್ಲಿ ಎಡವುವ ಜಾಗಗಳು ಎರಡು. ಒಂದು, ಅಗಲವಾದ ಸ್ಮಾರ್ಟ್ ಕಾರ್ಡ್ ಸೀಳನ್ನೇ ಸಿಮ್ ಸ್ಲಾಟ್ ಎಂದುಕೊಳ್ಳುವುದು. ಅದು ಆಫೀಸಿನ ಗುರುತಿನ ಚೀಟಿ ತೂರಿಸುವ ಜಾಗ, ಎಟಿಎಂ ಕಾರ್ಡಿನಷ್ಟು ಅಗಲ ಇರುತ್ತದೆ. ಅದರೊಳಗೆ ಸಿಮ್ ಬಿಟ್ಟರೆ ಆಮೇಲೆ ಚಿಮುಟ ಹುಡುಕಬೇಕಾಗುತ್ತದೆ. ಎರಡು, ಅಂಗಡಿಯವರ ಮಾತು. ಎಸ್.ಪಿ. ರೋಡಿನಲ್ಲಾಗಲಿ ನಿಮ್ಮೂರಿನಲ್ಲಾಗಲಿ ಹಳೇ ಲ್ಯಾಪ್‌ಟಾಪ್ ಕೊಳ್ಳುವಾಗ 'ಇದು ಡಬ್ಲ್ಯುವ್ಯಾನ್ ರೆಡಿ' ಎಂದರೆ ಆಂಟೆನಾ ತಂತಿ ಎಳೆದಿದೆ, ಕಾರ್ಡ್ ಇಲ್ಲ ಎಂದು ಅರ್ಥ. ಅಂಗಡಿಯಲ್ಲೇ ಆನ್ ಮಾಡಿಸಿ, ಸೆಲ್ಯುಲರ್ ಸಾಲು ನೋಡಿ, ಆಗುವುದಾದರೆ ನಿಮ್ಮದೇ ಸಿಮ್ ಹಾಕಿ ಪರೀಕ್ಷಿಸಿ ದುಡ್ಡು ಕೊಡಿ.

ಹಂತ 2: ಕಾರ್ಡಿಗೂ ನಿಮ್ಮ ನೆಟ್‌ವರ್ಕಿಗೂ ಹೊಂದುತ್ತದೆಯೇ?

ಅನೇಕರು ಬಿಟ್ಟುಬಿಡುವ ಹಂತ ಇದು. ಮೊಬೈಲ್ ಕಂಪನಿಗಳು ತಮಗೆ ಹಂಚಿಕೆಯಾದ ರೇಡಿಯೋ ತರಂಗಾಂತರಗಳಲ್ಲಿ ಸೇವೆ ಕೊಡುತ್ತವೆ. ಒಂದೊಂದು ತುಂಡಿಗೂ ಒಂದೊಂದು ನಂಬರ್ ಇದೆ, ಅದನ್ನೇ ಬ್ಯಾಂಡ್ ಎನ್ನುವುದು. ಫೋನ್ ಕೊಳ್ಳುವಾಗ ಇದರ ಚಿಂತೆ ಇರುವುದಿಲ್ಲ, ಇಲ್ಲಿ ಮಾರುವ ಫೋನಿನಲ್ಲಿ ಇಲ್ಲಿನ ಬ್ಯಾಂಡ್‌ಗಳು ಇದ್ದೇ ಇರುತ್ತವೆ. ಹಳೇ ಲ್ಯಾಪ್‌ಟಾಪ್‌ಗಳು ಅಮೆರಿಕ, ಯುರೋಪ್ ಸುತ್ತಿ ಬಂದಿರುತ್ತವೆ, ಅವುಗಳ ಕಾರ್ಡ್ ಅಲ್ಲಿನ ಬ್ಯಾಂಡ್‌ಗಳಿಗೆಂದು ಮಾಡಿದ್ದು.

4ಜಿಗೆ ನಮ್ಮಲ್ಲಿ ಮುಖ್ಯವಾದವು ಇಷ್ಟು: ಜಿಯೋಗೆ ಬ್ಯಾಂಡ್ 3, 5 ಮತ್ತು 40, ಅಂದರೆ 1800, 850 ಮತ್ತು 2300 ಮೆಗಾಹರ್ಟ್ಸ್. ಏರ್‌ಟೆಲ್‌ಗೆ 1, 3, 8, 40. ವಿಐ ಬಳಸುವವರು 1, 3, 8, 41 ನೋಡಿಕೊಳ್ಳಬೇಕು. ಬಿಎಸ್‌ಎನ್‌ಎಲ್‌ನ ಹೊಸ 4ಜಿ ಬಂದಿರುವುದು 700 ಮೆಗಾಹರ್ಟ್ಸ್‌ನ ಬ್ಯಾಂಡ್ 28 ಮತ್ತು 2100 ಮೆಗಾಹರ್ಟ್ಸ್‌ನ ಬ್ಯಾಂಡ್ 1ರಲ್ಲಿ. ನಂಬರ್ ಸಣ್ಣದೋ ದೊಡ್ಡದೋ ಮುಖ್ಯವಲ್ಲ. ಮೆಗಾಹರ್ಟ್ಸ್ ಕಡಿಮೆಯಿದ್ದರೆ ಸಿಗ್ನಲ್ ದೂರ ಹೋಗುತ್ತದೆ, ಗೋಡೆ ದಾಟುತ್ತದೆ. ಹಾಗಾಗಿ ಹಳ್ಳಿಮನೆಯಲ್ಲಿ ಜಿಯೋ ಬಳಸುವವರಿಗೆ ಬ್ಯಾಂಡ್ 5, ಬಿಎಸ್‌ಎನ್‌ಎಲ್ ಬಳಸುವವರಿಗೆ ಬ್ಯಾಂಡ್ 28 ಕಾರ್ಡಿನಲ್ಲಿ ಇರಲೇಬೇಕು.

ಒಂದು ಜೋಡಿ ಉದಾಹರಣೆ ನೋಡಿ. ಸಿಯೆರಾ ವೈರ್‌ಲೆಸ್‌ನ ಇಎಂ7455 ಮತ್ತು ಇಎಂ7430 ನೋಡಲು ಅವಳಿಗಳಂತಿವೆ, ಎರಡೂ ಗರಿಷ್ಠ 300 ಎಂಬಿಪಿಎಸ್ ವೇಗದವು. ಮೊದಲನೆಯದರಲ್ಲಿ ಬ್ಯಾಂಡ್ 8, 28, 40 ಮೂರೂ ಇಲ್ಲ. ಎರಡನೆಯದರಲ್ಲಿ ಮೂರೂ ಇವೆ, ಅದು ಏಷ್ಯಾಕ್ಕೆಂದೇ ಮಾಡಿದ್ದು. ಹಳೇ ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವುದು ಮೊದಲನೆಯದೇ. ಡೆಲ್‌ನವರು ಡಿಡಬ್ಲ್ಯು5811ಇ ಎಂಬ ಹೆಸರಿನಲ್ಲಿ ಕೊಟ್ಟಿದ್ದೂ ಅದನ್ನೇ. ಅದನ್ನು ಹಾಕಿಕೊಂಡವರಿಗೆ ಜಿಯೋ ಬರುತ್ತದೆ, ಆದರೆ 3 ಮತ್ತು 5ರಲ್ಲಿ ಮಾತ್ರ. ಜನಜಂಗುಳಿಯ ನಗರದಲ್ಲಿ ಪಕ್ಕದ ಫೋನಿನಲ್ಲಿ ವೇಗ ಹರಿಯುತ್ತಿದ್ದರೂ ಇಲ್ಲಿ ತೆವಳುತ್ತದೆ, ಕಾರಣ ಹೊಳೆಯುವುದಿಲ್ಲ. ಥಿಂಕ್‌ಪ್ಯಾಡ್ ಟಿ480ರ ಕಾಲದಲ್ಲಿ ಬಂದ ಫಿಬೋಕಾಮ್ ಎಲ್850-ಜಿಎಲ್‌ನಲ್ಲಿ ನಮಗೆ ಬೇಕಾದ 1, 3, 5, 8, 28, 40, 41 ಎಲ್ಲವೂ ಇವೆ. ವಿಂಡೋಸ್ ಬಳಸುವವರಿಗೆ ಈಗಲೂ ನಾನು ಹೇಳುವುದು ಅದನ್ನೇ.

5ಜಿ ಬೇಕೆನ್ನುವವರಿಗೆ ಇನ್ನೊಂದು ತೊಡಕಿದೆ. ಜಿಯೋದ 5ಜಿ 'ಸ್ಟ್ಯಾಂಡಲೋನ್' ಬಗೆಯದು, ಅಂದರೆ 4ಜಿಯ ಆಸರೆಯಿಲ್ಲದೆ ಸ್ವತಂತ್ರವಾಗಿ ನಿಂತ ಜಾಲ. ಏರ್‌ಟೆಲ್ ಶುರು ಮಾಡಿದ್ದು 4ಜಿಯ ಹೆಗಲ ಮೇಲೆ ಕೂತ ಬಗೆಯನ್ನು. ಲ್ಯಾಪ್‌ಟಾಪಿನ 5ಜಿ ಕಾರ್ಡಿನ ಫರ್ಮ್‌ವೇರ್, ಅಂದರೆ ಕಾರ್ಡಿನೊಳಗೇ ಇರುವ ತಂತ್ರಾಂಶ, ಸ್ಟ್ಯಾಂಡಲೋನ್ ಒಪ್ಪದಿದ್ದರೆ ಜಿಯೋ ಸಿಮ್ ಹಾಕಿದಾಗ ಅದು 4ಜಿ ಎಂದೇ ತೋರಿಸುತ್ತಿರುತ್ತದೆ. ಕೆಟ್ಟಿದೆ ಎಂದು ತಲೆ ಕೆಡಿಸಿಕೊಳ್ಳಬೇಡಿ, ಮೊದಲು ತಯಾರಕರು ಹೊಸ ಫರ್ಮ್‌ವೇರ್ ಬಿಟ್ಟಿದ್ದಾರೆಯೇ ನೋಡಿ.

ಹಂತ 3: ಕಾರ್ಡ್ ಕೊಂಡು ಕೂರಿಸುವುದು

ಕಾರ್ಡ್ ಇರುವವರು ಈ ಹಂತ ಹಾರಿಸಿ. ಇಲ್ಲದವರು ಕೊಳ್ಳುವ ಮುಂಚೆ ಮೂರು ಪ್ರಶ್ನೆಗೆ ಉತ್ತರ ಹುಡುಕಿಕೊಳ್ಳಿ.

ಆಂಟೆನಾ ತಂತಿ ಇದೆಯೇ? ಇದಿಲ್ಲದೆ ಉಳಿದದ್ದೆಲ್ಲ ನೀರಲ್ಲಿ ಹೋಮ. ಆಂಟೆನಾ ಪರದೆಯ ಸುತ್ತ ಕೂತಿರುತ್ತದೆ, ಆಮೇಲೆ ಹಾಕಿಸುವುದೆಂದರೆ ಪರದೆಯ ಭಾಗವನ್ನೆಲ್ಲ ಬಿಚ್ಚಬೇಕು. ಹಿಂಬದಿಯ ಮುಚ್ಚಳ ತೆಗೆದರೆ ಖಾಲಿ ಸ್ಲಾಟಿನ ಬಳಿ, ತುದಿಗೆ ಪ್ಲಾಸ್ಟಿಕ್ ಟೊಪ್ಪಿ ಹಾಕಿದ ಎರಡು ಸಣ್ಣ ತಂತಿಗಳು ಟೇಪಿನಡಿ ಮಲಗಿರಬೇಕು. ಥಿಂಕ್‌ಪ್ಯಾಡ್‌ಗಳಲ್ಲಿ ಸಾಮಾನ್ಯವಾಗಿ ವೈಫೈಯವು ಬೂದು ಮತ್ತು ಕಪ್ಪು, ಮೊಬೈಲ್ ಕಾರ್ಡಿನವು ಕೆಂಪು ಅಥವಾ ಕಿತ್ತಳೆ ಮತ್ತು ನೀಲಿ. 5ಜಿ ಕಾರ್ಡಿಗೆ ನಾಲ್ಕು ತಂತಿ ಬೇಕಾಗುತ್ತದೆ.

ಸ್ಲಾಟಿನ ಅಳತೆ ಎಷ್ಟು? 4ಜಿ ಕಾರ್ಡ್‌ಗಳು 3042 ಅಳತೆಯವು, ಅಂದರೆ 30 ಮಿಲಿಮೀಟರ್ ಅಗಲ, 42 ಉದ್ದ. 5ಜಿಯವು ಹೆಚ್ಚಾಗಿ 3052, ಹತ್ತು ಮಿಲಿಮೀಟರ್ ಉದ್ದ ಜಾಸ್ತಿ, ಹಳೇ ಸ್ಲಾಟಿನಲ್ಲಿ ಹಿಡಿಸುವುದಿಲ್ಲ. ಟಿ480ಯಂಥ ಯಂತ್ರಗಳಲ್ಲಿ ಇದೇ ಸ್ಲಾಟಿಗೆ ಚಿಕ್ಕ ಎಸ್‌ಎಸ್‌ಡಿ ಹಾಕಿಸಿಕೊಂಡವರೂ ಇದ್ದಾರೆ. ಅವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಬಯೋಸ್ ಒಪ್ಪುತ್ತದೆಯೇ? ಲೆನೊವೊ, ಎಚ್‌ಪಿಯ ಹಲವು ಮಾದರಿಗಳು ತಾವು ಅನುಮತಿಸಿದ ಕಾರ್ಡ್ ಬಿಟ್ಟು ಬೇರೆ ಕಂಡರೆ ಮುಂದೆ ಹೋಗುವುದೇ ಇಲ್ಲ. ಥಿಂಕ್‌ಪ್ಯಾಡಿನಲ್ಲಿ ಕಪ್ಪು ಪರದೆಯ ಮೇಲೆ 1802 ಎಂಬ ನಂಬರಿನೊಂದಿಗೆ 'ಅನುಮತಿಯಿಲ್ಲದ ನೆಟ್‌ವರ್ಕ್ ಕಾರ್ಡ್ ಇದೆ, ಆಫ್ ಮಾಡಿ ತೆಗೆಯಿರಿ' ಎಂಬ ಅರ್ಥದ ಸಂದೇಶ ಬಂದು ನಿಂತುಬಿಡುತ್ತದೆ. ಇದರಿಂದ ಪಾರಾಗಲು ನಿಮ್ಮ ಮಾದರಿಯ ರಿಪೇರಿ ಕೈಪಿಡಿಯನ್ನು ತಯಾರಕರ ಜಾಲತಾಣದಿಂದ ಇಳಿಸಿಕೊಳ್ಳಿ. ಅದು ಉಚಿತ. ಯಾವ ಕಾರ್ಡ್ ಹೊಂದುತ್ತದೆ ಎಂಬ ಪಟ್ಟಿ ತಯಾರಕರಲ್ಲೇ ಸಿಗುತ್ತದೆ. ಒಂದೇ ಎಲ್850-ಜಿಎಲ್ ಕಾರ್ಡ್ ಲೆನೊವೊ ಚೀಟಿಯೊಂದಿಗೂ ಎಚ್‌ಪಿ ಚೀಟಿಯೊಂದಿಗೂ ಸಿಗುತ್ತದೆ. ಲೆನೊವೊಗೆ ಲೆನೊವೊದ್ದೇ ಕೇಳಿ. ಕಾರ್ಡಿನ ಮೇಲಿರುವ ಎಫ್‌ಆರ್‌ಯು ಎಂಬ ಬಿಡಿಭಾಗದ ನಂಬರನ್ನು ಪಟ್ಟಿಯ ಜೊತೆ ತಾಳೆ ನೋಡಿ.

ಕೂರಿಸುವ ಕೆಲಸ ಕಷ್ಟದ್ದಲ್ಲ, ನಾಜೂಕಿನದು. ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆಯಿರಿ. ಥಿಂಕ್‌ಪ್ಯಾಡಿನಲ್ಲಾದರೆ ಬಯೋಸ್‌ನ ಪವರ್ ವಿಭಾಗದಲ್ಲಿ 'ಡಿಸೇಬಲ್ ಬಿಲ್ಟ್-ಇನ್ ಬ್ಯಾಟರಿ' ಇದೆ, ಮೊದಲು ಅದನ್ನು ಒತ್ತಿ. ಬೇರೆ ಯಂತ್ರಗಳಲ್ಲಿ ಮುಚ್ಚಳ ತೆಗೆದ ಕೂಡಲೇ ಬ್ಯಾಟರಿಯ ತಂತಿ ಕಳಚಿ. ಕಾರ್ಡನ್ನು ಮೂವತ್ತು ಡಿಗ್ರಿಯಷ್ಟು ಓರೆಯಾಗಿ ಸ್ಲಾಟಿಗೆ ತಳ್ಳಿ, ಕೆಳಗೊತ್ತಿ ಸ್ಕ್ರೂ ಬಿಗಿಯಿರಿ. ಆಮೇಲೆ ಆಂಟೆನಾ. ತಂತಿಯ ತುದಿಯ ಲೋಹದ ಬಿಲ್ಲೆ ಎರಡು ಮಿಲಿಮೀಟರ್ ಅಗಲ ಇದ್ದರೆ ಹೆಚ್ಚು. ಅದನ್ನು ಕಾರ್ಡಿನ ಮೇಲಿನ ಉಂಗುರದ ನೆತ್ತಿಗೆ ಸರಿಯಾಗಿ ಇಟ್ಟು, ಅಲುಗದಂತೆ ನೋಡಿಕೊಂಡು, ಉಗುರಿನ ಚಪ್ಪಟೆ ಭಾಗದಿಂದ ನೇರ ಕೆಳಕ್ಕೆ ಒತ್ತಿ. ಸರಿಯಾಗಿ ಕೂತರೆ 'ಟಿಕ್' ಎಂದು ಬೆರಳಿಗೆ ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ಜೋರು ಮಾಡಬೇಡಿ, ಎತ್ತಿ ಮತ್ತೆ ಇಡಿ. ಓರೆಯಾಗಿ ಒತ್ತಿದರೆ ಉಂಗುರ ಸೊಟ್ಟಗಾಗುತ್ತದೆ, ಕಾರ್ಡ್ ಹೋದ ಹಾಗೆಯೇ. ಕಾರ್ಡಿನಲ್ಲಿ ಮೇನ್, ಆಕ್ಸ್ ಎಂದು ಗುರುತಿರುತ್ತದೆ. ಕೆಂಪು ಅಥವಾ ಕಿತ್ತಳೆ ಮೇನ್‌ಗೆ, ನೀಲಿ ಆಕ್ಸ್‌ಗೆ. ಕೈ ನಡುಗುವವರು ಈ ಒಂದು ಕೆಲಸವನ್ನು ಅಂಗಡಿಯಲ್ಲಿ ಮಾಡಿಸಿ, ಎದುರಿಗೇ ನಿಂತು ಮಾಡಿಸಿ.

ಹಂತ 4: ಸಿಮ್ ಮತ್ತು ಪ್ಲಾನ್

ಹೊಸ ಸಿಮ್ ತಂದರೆ ಮೊದಲು ಫೋನಿಗೆ ಹಾಕಿ. ಆ್ಯಕ್ಟಿವೇಷನ್ ಮುಗಿಸಿ, ರೀಚಾರ್ಜ್ ಮಾಡಿ, ಒಂದು ಪುಟ ತೆರೆದು ನೋಡಿ, ಕಂಪನಿಯ ಆ್ಯಪ್‌ನಲ್ಲಿ ಆ ನಂಬರಿನಿಂದ ಲಾಗಿನ್ ಆಗಿಬಿಡಿ. ಇದನ್ನು ಒತ್ತಿ ಹೇಳಲು ಕಾರಣವಿದೆ: ಲ್ಯಾಪ್‌ಟಾಪಿನಿಂದ ಕರೆ ಹೋಗುವುದಿಲ್ಲ, ಬಂದ ಎಸ್‌ಎಂಎಸ್ ಓದಲು ವಿಂಡೋಸ್ 11ರಲ್ಲಿ ಸಲೀಸಾದ ಆ್ಯಪ್ ಇಲ್ಲ. ಓಟಿಪಿ ಬಂದರೆ ಅದು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಬ್ಯಾಂಕಿಗೋ ಆಧಾರ್‌ಗೋ ಜೋಡಿಸಿದ ನಂಬರಿನ ಸಿಮ್ಮನ್ನು ಲ್ಯಾಪ್‌ಟಾಪಿಗೆ ಹಾಕಲೇಬೇಡಿ.

ಪ್ಲಾನ್ ಆರಿಸುವಾಗ 'ಅನ್‌ಲಿಮಿಟೆಡ್ 5ಜಿ' ಎಂಬ ದೊಡ್ಡಕ್ಷರಕ್ಕೆ ಮರುಳಾಗಬೇಡಿ. ಅದು 5ಜಿಯಲ್ಲಿ ಇರುವಾಗಿನ ಮಾತು. ನಿಮ್ಮ ಕಾರ್ಡ್ 4ಜಿಯದಾದರೆ ನಿಮಗೆ ಸಿಗುವುದು ದಿನದ ಒಂದೂವರೆಯೋ ಎರಡೋ ಜಿಬಿ ಅಷ್ಟೇ, ಅದು ಮುಗಿದ ಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆ ವೇಗದಲ್ಲಿ ಮೇಲ್ ತೆರೆಯುವುದೂ ತಪಸ್ಸು. ದಿನದ ಮಿತಿಯ ಪ್ಲಾನಿಗಿಂತ ಇಡೀ ಅವಧಿಗೆ ಇಷ್ಟು ಜಿಬಿ ಎಂದು ಒಟ್ಟಿಗೆ ಕೊಡುವ ಡೇಟಾ ಪ್ಲಾನ್ ಲ್ಯಾಪ್‌ಟಾಪಿಗೆ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಮೀಟಿಂಗ್ ಇರುವ ದಿನ ಮೂರು ಜಿಬಿ ಹೋಗುತ್ತದೆ, ಭಾನುವಾರ ಒಂದೂ ಹೋಗುವುದಿಲ್ಲ. ಕೆಲವು ಡೇಟಾ ಪ್ಯಾಕ್‌ಗಳಿಗೆ ಮೂಲ ಪ್ಲಾನ್ ಚಾಲ್ತಿಯಲ್ಲಿರಬೇಕೆಂಬ ಷರತ್ತು ಇರುತ್ತದೆ, ಅದನ್ನು ಓದಿಕೊಳ್ಳಿ.

ಲ್ಯಾಪ್‌ಟಾಪಿಗೆಂದು ಇಟ್ಟ ಸಿಮ್ ಮರೆತು ಕೂತರೂ ಅಪಾಯವಿದೆ. 90 ದಿನ ಬಳಕೆಯೇ ಇಲ್ಲದ ಸಂಪರ್ಕವನ್ನು ಕಂಪನಿ ಕಡಿದುಹಾಕಬಹುದು. ನಂಬರ್ ಹೋದರೆ ಹೋಯಿತು ಎನ್ನುವವರಿಗೆ ಚಿಂತೆಯಿಲ್ಲ. ಸಾಮಾನ್ಯವಾಗಿ ಒಬ್ಬರ ಹೆಸರಿನಲ್ಲಿ ಒಂಬತ್ತು ಸಿಮ್ ತನಕ ಇರಬಹುದು, ನಿಮ್ಮ ಹೆಸರಲ್ಲಿ ಎಷ್ಟಿವೆ ಎಂಬುದನ್ನು ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಬಹುದು.

ಮನೆಯಲ್ಲಿ ಯಾವ ಕಂಪನಿಯ ಸಿಗ್ನಲ್ ಚೆನ್ನಾಗಿದೆ ಎಂದು ಕಡ್ಡಿಗಳನ್ನು ಎಣಿಸಿ ತೀರ್ಮಾನಿಸಬೇಡಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅದರೊಳಗೆ ಸಿಮ್ ಸ್ಟೇಟಸ್ ತೆರೆದರೆ ಮೈನಸ್ ಗುರುತಿನ ಒಂದು ಅಂಕಿ ಇರುತ್ತದೆ, ಡಿಬಿಎಂ ಎಂಬ ಅಳತೆಯಲ್ಲಿ. 4ಜಿಯಲ್ಲಿ ಮೈನಸ್ 90ರ ಆಸುಪಾಸಿದ್ದರೆ ಸುಖ, ಮೈನಸ್ 105 ದಾಟಿದರೆ ಕಷ್ಟ, ಮೈನಸ್ 115ರಲ್ಲಿ ವಿಡಿಯೋ ಕರೆಯ ಆಸೆ ಬಿಡಿ. ನೀವು ಕೂತು ಕೆಲಸ ಮಾಡುವ ಮೇಜಿನ ಮೇಲೇ ಫೋನಿಟ್ಟು ನೋಡಿ, ಅಂಗಳದಲ್ಲಿ ನಿಂತಲ್ಲ.

ಹಂತ 5: ಸಿಮ್ ಕೂರಿಸುವುದು

ಲ್ಯಾಪ್‌ಟಾಪ್ ಆಫ್ ಮಾಡಿ. ಟ್ರೇ ಇದ್ದರೆ ಪಿನ್ ಚುಚ್ಚಿ ಹೊರತೆಗೆಯಿರಿ, ಇಲ್ಲದಿದ್ದರೆ ರಬ್ಬರ್ ಮುಚ್ಚಳದ ಹಿಂದೆ ಸ್ಪ್ರಿಂಗ್ ಸ್ಲಾಟ್ ಇರುತ್ತದೆ. ಕೆಲವು ಮಾದರಿಗಳಲ್ಲಿ ಅದು ಬ್ಯಾಟರಿಯ ಅಡಿಯಲ್ಲಿದೆ. ಪಕ್ಕದಲ್ಲಿ ಕೊರೆದಿರುವ ಚಿತ್ರದಂತೆ, ಕತ್ತರಿಸಿದ ಮೂಲೆ ನೋಡಿಕೊಂಡು ಹಾಕಿ. ಹೊಸ ಯಂತ್ರಗಳಿಗೆ ನ್ಯಾನೋ ಸಿಮ್, ಹಳೆಯ ಕೆಲವಕ್ಕೆ ಮೈಕ್ರೋ. ಮೈಕ್ರೋ ಸ್ಲಾಟಿಗೆ ನ್ಯಾನೋ ಸಿಮ್ಮನ್ನು ಚೌಕಟ್ಟಿಲ್ಲದೆ ಬಿಡಬೇಡಿ. ಒಳಗಿನ ಸಣ್ಣ ಲೋಹದ ಕಡ್ಡಿಗಳಿಗೆ ಸಿಕ್ಕಿಕೊಂಡು, ಎಳೆದಾಗ ಅವು ಮುರಿದೇ ಹೊರಬರುತ್ತವೆ.

ಇ-ಸಿಮ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಸೆಲ್ಯುಲರ್ ಪುಟದಲ್ಲೇ ಇ-ಸಿಮ್ ಪ್ರೊಫೈಲ್ ಸೇರಿಸುವ ಜಾಗ ಇರುತ್ತದೆ. ಅದಕ್ಕೆ ಇಐಡಿ ಎಂಬ 32 ಅಂಕಿಯ ಗುರುತು, ಐಎಂಇಐ ಎಂಬ 15 ಅಂಕಿಯ ಗುರುತು ಬೇಕಾಗಬಹುದು, ಎರಡೂ ಅಲ್ಲೇ ಸಿಗುತ್ತವೆ. ನಮ್ಮ ಕಂಪನಿಗಳ ಇ-ಸಿಮ್ ವ್ಯವಸ್ಥೆ ಫೋನುಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಪ್ಲಾಸ್ಟಿಕ್ ಸಿಮ್ ಹಾಕುವ ಅವಕಾಶ ಇದ್ದರೆ ಅದನ್ನೇ ಹಾಕಿ.

ಹಂತ 6: ವಿಂಡೋಸ್‌ನಲ್ಲಿ ಸಂಪರ್ಕ, ಎಪಿಎನ್

ಆನ್ ಮಾಡಿ, ಏರೋಪ್ಲೇನ್ ಮೋಡ್ ಆಫ್ ಇದೆಯೇ ನೋಡಿ. ಕೆಳಗೆ ಬಲಮೂಲೆಯ ನೆಟ್‌ವರ್ಕ್ ಚಿಹ್ನೆ ಒತ್ತಿದರೆ ಬರುವ ಫಲಕದಲ್ಲಿ ಸೆಲ್ಯುಲರ್ ಬಟನ್ ಬೇರೆಯೇ ಇರುತ್ತದೆ, ಅದನ್ನು ಆನ್ ಮಾಡಿ. ಕಂಪನಿಯ ಹೆಸರು ಬಂದು ಕನೆಕ್ಟೆಡ್ ಎಂದರೆ ಅರ್ಧ ಗೆದ್ದಿರಿ. ಪರೀಕ್ಷೆಗೆ ವೈಫೈ ಆಫ್ ಮಾಡಿ, ಒಂದು ಪುಟ ತೆರೆಯಿರಿ. ವೈಫೈ ಇರುವಾಗ ವಿಂಡೋಸ್ ಅದನ್ನೇ ಬಳಸುತ್ತದೆ, ಹಾಗಾಗಿ ಆಫ್ ಮಾಡದೆ ಏನೂ ತಿಳಿಯುವುದಿಲ್ಲ.

ಸಿಮ್ ಪಿನ್ ಕೇಳಿದರೆ ಊಹೆ ಮಾಡಿ ಹೊಡೆಯಬೇಡಿ. ಮೂರು ಸಲ ತಪ್ಪಿದರೆ ಸಿಮ್ ಬೀಗ ಹಾಕಿಕೊಳ್ಳುತ್ತದೆ, ತೆರೆಯಲು ಕಂಪನಿಯಿಂದ ಪಿಯುಕೆ ಸಂಖ್ಯೆ ಬೇಕು. ಅದನ್ನೂ ಹತ್ತು ಸಲ ತಪ್ಪಿಸಿದರೆ ಆ ಸಿಮ್ ಕಸಕ್ಕೆ.

ಸಿಗ್ನಲ್ ಇದ್ದು ಕಂಪನಿಯ ಹೆಸರೂ ಬಂದು ಪುಟ ಮಾತ್ರ ತೆರೆಯದಿದ್ದರೆ ಕಾರಣ ಹೆಚ್ಚಾಗಿ ಎಪಿಎನ್. ಮೊಬೈಲ್ ಜಾಲದಿಂದ ಇಂಟರ್ನೆಟ್ಟಿಗೆ ಹೋಗುವ ಬಾಗಿಲಿನ ಹೆಸರು ಅದು, ಕಂಪನಿಗೊಂದು. ಸೆಲ್ಯುಲರ್ ಪುಟದಲ್ಲಿ ಆಪರೇಟರ್ ಸೆಟ್ಟಿಂಗ್ಸ್ ತೆರೆದು 'ಆ್ಯಡ್ ಎಪಿಎನ್' ಒತ್ತಿ. ಜಿಯೋಗೆ ಜಿಯೋನೆಟ್, ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್‌ನೆಟ್, ಏರ್‌ಟೆಲ್‌ಗೆ ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್, ವಿಐಗೆ ಡಬ್ಲ್ಯು ಮೂರು ಸಲ, ಅಷ್ಟೇ. ಎಲ್ಲವೂ ಇಂಗ್ಲಿಷಿನ ಸಣ್ಣಕ್ಷರದಲ್ಲಿ, ನಡುವೆ ಜಾಗ ಬಿಡದೆ. 'ಡಾಟ್' ಎಂದಲ್ಲಿ ಚುಕ್ಕಿ. ಯೂಸರ್‌ನೇಮ್, ಪಾಸ್‌ವರ್ಡ್ ಖಾಲಿ ಬಿಡಿ. ಐಪಿ ಟೈಪ್ ಎಂಬಲ್ಲಿ ಐಪಿವಿ4 ಮತ್ತು ಐಪಿವಿ6 ಎರಡೂ ಇರುವ ಆಯ್ಕೆ ಮಾಡಿ. ಇಂಟರ್ನೆಟ್ ವಿಳಾಸ ಕೊಡುವ ಹಳೆಯ, ಹೊಸ ಪದ್ಧತಿಗಳು ಇವು. ಜಿಯೋದ ಜಾಲ ಐಪಿವಿ6 ಮೇಲೆಯೇ ಹೆಚ್ಚು ನಿಂತಿದೆ, ಬರೀ ಐಪಿವಿ4 ಎಂದಿಟ್ಟರೆ ಕೈಕೊಡುತ್ತದೆ. ಎಪಿಎನ್ ಟೈಪ್ 'ಇಂಟರ್ನೆಟ್' ಇರಲಿ. 'ಅಪ್ಲೈ ದಿಸ್ ಪ್ರೊಫೈಲ್' ಟಿಕ್ ಮಾಡಿ ಸೇವ್ ಮಾಡಿ.

ಇಲ್ಲಿದ್ದಾಗಲೇ ಅದೇ ಪುಟದ ಪ್ರಾಪರ್ಟೀಸ್‌ನಲ್ಲಿರುವ ಐಎಂಇಐ ನಂಬರನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ.

ಹಂತ 7: ಡೇಟಾ ಸೋರದಂತೆ

ಲ್ಯಾಪ್‌ಟಾಪ್ ಫೋನಿನಂತಲ್ಲ, ಡೇಟಾ ಕಂಡರೆ ಬಕಾಸುರ. ವಿಂಡೋಸ್ ಅಪ್‌ಡೇಟ್ ಒಂದೇ ಸಲಕ್ಕೆ ನಿಮ್ಮ ದಿನದ ಕೋಟಾ ಮುಗಿಸಬಲ್ಲದು. ಸೆಲ್ಯುಲರ್ ಪುಟದಲ್ಲಿ 'ಮೀಟರ್ಡ್ ಕನೆಕ್ಷನ್' ಆನ್ ಇದೆಯೇ ಖಚಿತಪಡಿಸಿಕೊಳ್ಳಿ. ಇದು ಲೆಕ್ಕದ ಇಂಟರ್ನೆಟ್, ದೊಡ್ಡ ಇಳಿಕೆಗಳನ್ನು ತಡೆಹಿಡಿ ಎಂದು ವಿಂಡೋಸ್‌ಗೆ ಹೇಳುವ ಬಟನ್. ವಿಂಡೋಸ್ ಅಪ್‌ಡೇಟ್‌ನ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಮೀಟರ್ಡ್ ಸಂಪರ್ಕದಲ್ಲೂ ಅಪ್‌ಡೇಟ್ ಇಳಿಸುವ ಆಯ್ಕೆ ಆಫ್ ಇರಲಿ. ಡೇಟಾ ಯೂಸೇಜ್ ಪುಟದಲ್ಲಿ ತಿಂಗಳ ಮಿತಿ ನಮೂದಿಸಿ, ಯಾವ ಆ್ಯಪ್ ಎಷ್ಟು ತಿಂದಿದೆ ಎಂಬುದೂ ಅಲ್ಲೇ ಕಾಣುತ್ತದೆ. ಗೂಗಲ್ ಡ್ರೈವ್‌ನಂಥವು ವಿಂಡೋಸ್‌ನ ಈ ಮಾತು ಕೇಳದೆಯೂ ಇರಬಹುದು, ಅವನ್ನು ಕೈಯಾರೆ ನಿಲ್ಲಿಸಿ.

'ವೈಫೈ ಕೆಟ್ಟಾಗ ಸೆಲ್ಯುಲರ್ ಬಳಸು' ಎಂಬ ಆಯ್ಕೆ ನೋಡಲು ಚೆನ್ನ. ನಿಮ್ಮ ವೈಫೈ ಆಗಾಗ ಸೊರಗುವಂಥದ್ದಾದರೆ ನಿಮಗೆ ತಿಳಿಯದಂತೆ ಸಿಮ್ಮಿನ ಡೇಟಾ ಹೋಗುತ್ತಿರುತ್ತದೆ. ನಾನಾದರೆ ಆಫ್ ಇಟ್ಟು, ಬೇಕಾದಾಗ ಕೈಯಾರೆ ಆನ್ ಮಾಡುತ್ತೇನೆ.

ಮೊದಮೊದಲು ಚೆನ್ನಾಗಿದ್ದು ಆಮೇಲೆ ಕೈಕೊಟ್ಟರೆ

ಸ್ಲೀಪ್‌ನಿಂದ ಎದ್ದಾಗ ಸೆಲ್ಯುಲರ್ ಮಾಯ: ಇದು ಬಹಳ ಮಂದಿಯ ದೂರು. ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸೇಬಲ್, ಮತ್ತೆ ಎನೇಬಲ್ ಮಾಡಿ. ಪದೇ ಪದೇ ಆದರೆ ಪ್ರಾಪರ್ಟೀಸ್‌ನ ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ ವಿದ್ಯುತ್ ಉಳಿಸಲು ಈ ಸಾಧನ ಆಫ್ ಮಾಡಬಹುದು ಎಂಬ ಟಿಕ್ ತೆಗೆಯಿರಿ. ಶಟ್‌ಡೌನ್ ಮಾಡಿ ಆನ್ ಮಾಡಿದರೂ ಸರಿಹೋಗದಿದ್ದರೆ ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕೊಡಿ. ಸಾಮಾನ್ಯ ಶಟ್‌ಡೌನ್‌ನಲ್ಲಿ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಹೀಗೆ ಕೊಟ್ಟರೆ ಮಲಗುತ್ತದೆ.

ಆಫೀಸಿನ ವಿಪಿಎನ್ ಮಾತ್ರ ಸೇರುತ್ತಿಲ್ಲ: ಹಳೇ ವಿಪಿಎನ್ ತಂತ್ರಾಂಶ ಐಪಿವಿ6 ಜಾಲದಲ್ಲಿ ಮುಗ್ಗರಿಸಬಹುದು. ಬೇರೆ ಕಂಪನಿಯ ಸಿಮ್ ಹಾಕಿ ನೋಡಿ, ಅದರಲ್ಲಿ ಬಂದರೆ ಆಫೀಸಿನ ಐಟಿಯವರಿಗೆ ಇದನ್ನೇ ಹೇಳಿ.

ವೇಗ ಬಹಳ ಕಡಿಮೆ: ಮೊದಲು ಕೋಟಾ ಮುಗಿದಿದೆಯೇ ನೋಡಿ. ಇಲ್ಲದಿದ್ದರೆ ಲ್ಯಾಪ್‌ಟಾಪನ್ನು ಕಿಟಕಿಯ ಬಳಿಗೆ ಒಯ್ಯಿರಿ, ಕಬ್ಬಿಣದ ಬೀರುವಿನಿಂದ ದೂರ ಇಡಿ, ಪರದೆ ನೆಟ್ಟಗೆ ತೆರೆಯಿರಿ. ಮುಚ್ಚಳ ಅರ್ಧ ಮುಚ್ಚಿ ಹೊರಗಿನ ಮಾನಿಟರ್ ಬಳಸುವವರು ಆಂಟೆನಾವನ್ನೂ ಮಲಗಿಸಿರುತ್ತಾರೆ. ಹೊಸದಾಗಿ ಕಾರ್ಡ್ ಹಾಕಿಸಿದವರಾದರೆ ಆಂಟೆನಾ ತಂತಿಗಳಲ್ಲಿ ಒಂದು ಕಳಚಿರುವ ಸಾಧ್ಯತೆಯೇ ಹೆಚ್ಚು.

ಲಿನಕ್ಸ್ ಬಳಸುವವರಿಗೆ: ಕಾರ್ಡ್ ಕಾಣುತ್ತದೆ, ಆನ್ ಆಗುವುದಿಲ್ಲ ಎಂದರೆ ಅದು ಎಫ್‌ಸಿಸಿ ಬೀಗ. ಅಮೆರಿಕದ ರೇಡಿಯೋ ನಿಯಮಕ್ಕಾಗಿ ತಯಾರಕರು ಹಾಕಿದ್ದು, ವಿಂಡೋಸ್ ಡ್ರೈವರ್ ಅದನ್ನು ತಾನೇ ತೆಗೆಯುತ್ತದೆ. ಲಿನಕ್ಸ್‌ನಲ್ಲಿ ಮೋಡೆಮ್ ನಡೆಸುವ ತಂತ್ರಾಂಶವಾದ ಮೋಡೆಮ್‌ಮ್ಯಾನೇಜರ್‌ನ 1.18.4ನೇ ಆವೃತ್ತಿಯಿಂದ ಈಚೆಗೆ ಇದು ತಾನಾಗಿ ಆಗುವುದಿಲ್ಲ, ಜೊತೆಗೆ ಬರುವ ಅನ್‌ಲಾಕ್ ಸ್ಕ್ರಿಪ್ಟನ್ನು ನೀವೇ ಚಾಲೂ ಮಾಡಬೇಕು. ಮೇಲೆ ಹೊಗಳಿದ ಎಲ್850-ಜಿಎಲ್ ಮಾತ್ರ ಲಿನಕ್ಸ್‌ನಲ್ಲಿ ಕಾಟ ಕೊಡುವ ಕಾರ್ಡ್, ಲಿನಕ್ಸ್‌ಗೆಂದೇ ಕೊಳ್ಳುವವರು ಅದನ್ನು ಬಿಡಿ.

ಲ್ಯಾಪ್‌ಟಾಪ್ ಕಳೆದರೆ ಅಥವಾ ಕಳುವಾದರೆ ಪೊಲೀಸ್ ದೂರಿನಲ್ಲಿ ಸೀರಿಯಲ್ ನಂಬರಿನ ಜೊತೆ ಬರೆದಿಟ್ಟ ಐಎಂಇಐಯನ್ನೂ ಸೇರಿಸಿ, ಸಿಮ್ಮನ್ನು ಅದೇ ದಿನ ಬ್ಲಾಕ್ ಮಾಡಿಸಿ, ಅದು ನಿಮ್ಮ ಹೆಸರಿನದು. ಮಾರುವಾಗ ಹಾರ್ಡ್ ಡಿಸ್ಕ್ ಅಳಿಸಲು ನೆನಪಿರುತ್ತದೆ, ಸ್ಲಾಟಿನೊಳಗಿನ ಸಿಮ್ ನೆನಪಿರುವುದಿಲ್ಲ. ಅದನ್ನು ತೆಗೆಯಿರಿ, ಇ-ಸಿಮ್ ಆದರೆ ವಿಂಡೋಸ್ ರೀಸೆಟ್ ಮಾಡುವ ಮುಂಚೆ ಪ್ರೊಫೈಲ್ ಡಿಲೀಟ್ ಮಾಡಿ.